ಔರಾದದ ಹಸಿರು ಚುಕ್ಕೆ

ಕುಳಿತಲ್ಲಿಂದ ಏಳದೆ ಕೆಲಸ ಮಾಡಿಸುವವರನ್ನು ಕಂಡರೆ ನನಗೆ ಚಿಕ್ಕಂದಿನಿಂದಲೂ ಹೊಟ್ಟೆಕಿಚ್ಚು. ನನ್ನ ಸೋದರಮಾವ ಒಬ್ಬರು ಈ ವಿದ್ಯೆಯಲ್ಲಿ ಪಳಗಿದವರು. ಪಡಸಾಲೆಯ ಹೊರಸಿನ ಮೇಲೆ ಕಾಲು ಚಾಚಿ ಮಲಗಿದರೆಂದರೆ ಹಿತ್ತಲಿನ ಬಾವಿಗೆ ಬಿದ್ದ ಕೊಡವನ್ನು ಅಲ್ಲಿಂದಲೇ ಎತ್ತಿಸುತ್ತಿದ್ದರು. "ಎಡಕ್ಕ ಬಿಡ್ರಿ, ಇನ್ನಾ ಎಡಕ್ಕ, ಹಾಂ, ಈಗ ಎತ್ರಿ" ಎಂದು ಅವರು ಕೂಗುವುದು, ಬಿಸಿಲಲ್ಲಿ ನಿಂತ ನಾವು ಹಗ್ಗ ಎಳೆಯುವುದು. ಕೊಡ ಮೇಲೆ ಬಂದರೆ ಹೆಸರು ಅವರದು, ಬಾರದಿದ್ದರೆ ಬೈಗುಳ ನಮಗೆ. ಅವರು ಮಲಗಿದ ಜಾಗದಿಂದ ಬಾವಿ ಕಾಣುತ್ತಲೇ ಇರಲಿಲ್ಲ ಎಂಬುದು ಮನೆಯಲ್ಲಿ ಯಾರಿಗೂ ಒಂದು ಕೊರತೆಯೆನಿಸಲಿಲ್ಲ. ದೊಡ್ಡವನಾದ ಮೇಲೆ ನನಗೂ ಇಂಥದೊಂದು ಪದವಿ ಸಿಗಲಿ ಎಂದು ಆಗಲೇ ಬೇಡಿಕೊಂಡಿದ್ದೆ. ದೇವರು ಕೆಲವು ಆಸೆಗಳನ್ನು ತಡವಾಗಿ ಈಡೇರಿಸುತ್ತಾನೆ, ಈಡೇರಿಸಿದ ಮೇಲೆ ಇದು ಯಾಕಾದರೂ ಈಡೇರಿತೋ ಎನ್ನಿಸುತ್ತದೆ.

ನಾನು ಕೆಲಸ ಮಾಡುವುದು ದನ, ಕುರಿ, ಕೋಳಿಗಳ ಔಷಧಿಯನ್ನೂ ಹಿಂಡಿಯನ್ನೂ ಹಂಚುವ ಒಂದು ಖಾಸಗಿ ಕಂಪನಿಯಲ್ಲಿ. ಬೀದರಿನ ಅಂಚಿಗಿರುವ ಕೊಳಾರದಲ್ಲಿ ನಮ್ಮ ಗೋದಾಮು. ಅದರ ಒಂದು ಮೂಲೆಯಲ್ಲಿ, ಹಿಂಡಿ ಚೀಲಗಳ ಪಕ್ಕ, ನನ್ನ ಮೇಜು. ಭಾಲ್ಕಿಯಲ್ಲೊಂದು, ಔರಾದದಲ್ಲೊಂದು ನಮ್ಮ ಡಿಪೋಗಳಿವೆ. ನಾನು ಸೇರಿದ್ದು ಸ್ಟೋರ್ ಗುಮಾಸ್ತನಾಗಿ. ಆದರೆ ಸೇರಿದ ಹೊಸದರಲ್ಲಿ ಪ್ರಿಂಟರಿನೊಳಗೆ ಸಿಕ್ಕಿಕೊಂಡಿದ್ದ ಕಾಗದವೊಂದನ್ನು ಎಲ್ಲರೆದುರು ಎಳೆದು ತೆಗೆದುಬಿಟ್ಟೆ. ಅಲ್ಲಿಗೆ ನನ್ನ ಹಣೆಬರಹ ಬದಲಾಯಿತು. ಅಂದಿನಿಂದ ಕಂಪ್ಯೂಟರ್ ಕೆಟ್ಟರೂ ನಾನೇ, ಮೊಬೈಲ್ ಕೆಟ್ಟರೂ ನಾನೇ. ಒಮ್ಮೆ ಸಾಹೇಬರ ಮನೆಯ ವಾಷಿಂಗ್ ಮಷೀನಿನ ಮುಂದೆಯೂ ಅರ್ಧ ದಿನ ಕುಕ್ಕರಗಾಲಲ್ಲಿ ಕುಳಿತು ಬಂದಿದ್ದೇನೆ. ಅದು ರಿಪೇರಿಯಾಗಲಿಲ್ಲ, ಆದರೂ ನನ್ನ ಖ್ಯಾತಿಗೆ ಕುಂದು ಬರಲಿಲ್ಲ, ಯಾಕೆಂದರೆ ಹೊರಡುವಾಗ ನಾನು ತಲೆಯಾಡಿಸಿ ಇಂಗ್ಲಿಷಿನಲ್ಲಿ ಏನೋ ಅಂದಿದ್ದೆ.

ಆಮೇಲೆ ದೂರದಿಂದಲೇ ಕಂಪ್ಯೂಟರ್ ನಡೆಸುವ ಅನುಕೂಲ ಬಂತು. ನನ್ನ ಲ್ಯಾಪ್‌ಟಾಪಿನಲ್ಲಿ ಮೂರು ಊರಿನ ಹೆಸರುಗಳು ಒಂದರ ಕೆಳಗೊಂದು ಕಾಣುತ್ತವೆ. ಹೆಸರಿನ ಪಕ್ಕ ಹಸಿರು ಚುಕ್ಕೆಯಿದ್ದರೆ ಆ ಊರಿನ ಕಂಪ್ಯೂಟರ್ ಬದುಕಿದೆ, ನನ್ನ ಮಾತು ಕೇಳುತ್ತದೆ ಎಂದರ್ಥ. ಚುಕ್ಕೆ ಬೂದುಬಣ್ಣಕ್ಕೆ ತಿರುಗಿದರೆ ಅದು ಸತ್ತಿರಬಹುದು, ನಿದ್ದೆ ಮಾಡುತ್ತಿರಬಹುದು, ನೆಟ್ಟು ಹೋಗಿರಬಹುದು. ಯಾವುದೆಂದು ಚುಕ್ಕೆ ಹೇಳುವುದಿಲ್ಲ. ಹಸಿರಿದ್ದ ದಿನ ನಾನು ನಮ್ಮ ಸೋದರಮಾವ. ಬೂದಾದ ದಿನ ಬಿಸಿಲಲ್ಲಿ ಹಗ್ಗ ಹಿಡಿದು ನಿಂತ ಹುಡುಗ.

ಈಗ ನಮ್ಮ ಕಂಪ್ಯೂಟರುಗಳ ಬಗ್ಗೆ ಒಂದು ಮಾತು ಹೇಳಬೇಕು. ಬೀದರಿನಲ್ಲಿ ಹಳೆಯದಾದದ್ದು ಭಾಲ್ಕಿಗೆ ಹೋಗುತ್ತದೆ, ಭಾಲ್ಕಿಯಲ್ಲಿ ಹಳೆಯದಾದದ್ದು ಔರಾದಕ್ಕೆ ಹೋಗುತ್ತದೆ. ಔರಾದದಿಂದ ಮುಂದೆ ಹೋಗಲು ನಮಗೆ ಡಿಪೋ ಇಲ್ಲ, ಮಹಾರಾಷ್ಟ್ರ ಶುರುವಾಗುತ್ತದೆ. ಹಾಗಾಗಿ ಔರಾದದ್ದು ಅಲ್ಲಿಯೇ ಉಳಿದುಕೊಂಡಿದೆ. ಬೆಳಿಗ್ಗೆ ಚಾಲೂ ಮಾಡಿ, ಕಸ ಗುಡಿಸಿ, ನೀರು ತುಂಬಿ, ಒಂದು ಲೋಟ ಚಹಾ ಕುಡಿದು ಬಂದರೆ ಅದು ಆಗ ಕಣ್ಣು ಬಿಡುತ್ತಿರುತ್ತದೆ. ಆದರೂ ಅದನ್ನು ಜತನದಿಂದ ನೋಡಿಕೊಂಡವರು ಔರಾದ ಡಿಪೋದ ಸುಶೀಲಕ್ಕ. ಅದಕ್ಕೊಂದು ಬಿಳಿ ದಾರದ ಕ್ರೋಶಾ ಹೊದಿಕೆ ಹೆಣೆದಿದ್ದಾರೆ. ಅವರ ಅಜ್ಜಿ ಮಿಷನ್ ಕಾಲದ ದವಾಖಾನೆಯಲ್ಲಿ ನರ್ಸಾಗಿದ್ದವರಂತೆ, ಆ ಹೆಣಿಗೆ ಅಲ್ಲಿಂದ ಬಂದದ್ದು. ಶಿಸ್ತೂ ಅಲ್ಲಿಂದಲೇ ಬಂದಿರಬೇಕು. ಸುತ್ತಲಿನ ಹಳ್ಳಿಗಳ ಕುರಿಗಾರರು ಬಂದು "ಮರಿ ಮೇವ ಮುಟ್ಟವಲ್ದು ಅಕ್ಕಾರ" ಎಂದರೆ ಅವರಿಗೆ ಮೊದಲು ಬೈಗುಳ ಸಿಗುತ್ತದೆ, ಆಮೇಲೆ ಔಷಧಿ. ಬೈಗುಳ ಗಿರಾಕಿಯ ಭಾಷೆ ನೋಡಿಕೊಂಡು ಕನ್ನಡದಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ಇರುತ್ತದೆ.

ಹೀಗಿರುವಾಗ ನಮ್ಮ ಬಿಲ್ಲಿನ ಸಾಫ್ಟ್‌ವೇರ್ ಹಳೆಯದಾಯಿತೆಂದೂ, ಬರುವ ಸೋಮವಾರದಿಂದ ಅದು ನಡೆಯುವುದಿಲ್ಲವೆಂದೂ, ಎಲ್ಲ ಕಂಪ್ಯೂಟರಿಗೂ ಹೊಸದನ್ನು ಹಾಕಬೇಕೆಂದೂ ಮೇಲಿನಿಂದ ಸೂಚನೆ ಬಂತು. ಸಾಹೇಬರು ನಮ್ಮನ್ನೆಲ್ಲ ಗೋದಾಮಿನಲ್ಲಿ ಕೂಡಿಸಿದರು. ಸಾಹೇಬರು ಕೆಟ್ಟವರಲ್ಲ, ಆದರೆ ಯಾವ ಕಷ್ಟವನ್ನೂ ಒಂದು ಟೆಂಪೋ ತರಿಸಿ ಪರಿಹರಿಸಬಹುದೆಂದು ನಂಬಿದವರು.

"ಭಾಲ್ಕಿದು ಹ್ಯಾಂಗರ ಏರ್ತದ. ಔರಾದದ ಆ ಡಬ್ಬಾಕ್ಕ ಏರೋದಿಲ್ಲ ಬಿಡ್ರಿ" ಎಂದರು. "ಡಿಪೋನೇ ಭಾಲ್ಕಿಗಿ ಸೇರ್ಸಿ ಬಿಡೋಣ. ಆ ಸುಶೀಲಾಬಾಯಿನೂ ಅಲ್ಲಿಗೇ ಬಂದು ಹೋಗಿ ಮಾಡ್ಲಿ. ಕಿರಿಕಿರಿ ಖತಂ."

ಎಲ್ಲರೂ ಸುಮ್ಮನಿದ್ದರು. ಸುಮ್ಮನಿರುವುದು ಎಷ್ಟು ಒಳ್ಳೆಯದೆಂದು ನನಗೆ ಆಮೇಲೆ ತಿಳಿಯಿತು. ನನ್ನ ಬಾಯಿ ನನ್ನನ್ನು ಕೇಳದೆ ತೆರೆದುಕೊಂಡಿತು. "ಏರ್ತದ್ರಿ ಸರ್. ಔರಾದಕ್ಕ ಹೋಗೋದೂ ಬ್ಯಾಡ್ರಿ. ನಾ ಇಲ್ಲೇ ಕೂತು ಏರಸ್ತೇನಿ" ಎಂದೆ.

ಸಾಹೇಬರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಐತಾರ ಸಂಜಿ ತನಕ ಟೈಮ್ ಕೊಡ್ತೇನಿ. ಔರಾದದ ಚುಕ್ಕಿ ಹಸರ ಇದ್ರ ಡಿಪೋ ಇರ್ಲಿ. ಇಲ್ಲಂದ್ರ ಸೋಮವಾರ ಮುಂಜಾನಿ ಟೆಂಪೋ ಹೋಗ್ತದ, ಸಾಮಾನೆಲ್ಲಾ ಹೇರ್ಕೊಂಡು ಬರ್ತದ" ಎಂದು ಅಲ್ಲಿಯೇ ಟೆಂಪೋದವನಿಗೆ ಫೋನು ಹಚ್ಚಿ ಹೇಳಿಯೂ ಬಿಟ್ಟರು. ಆ ಮೂರು ಊರಿನ ಚುಕ್ಕೆಗಳು ಅವರ ಮೊಬೈಲಿನಲ್ಲೂ ಕಾಣುವಂತೆ ಮಾಡಿಕೊಟ್ಟಿದ್ದವನು ನಾನೇ. ಆ ದಿನ ಬಹಳ ಹೆಮ್ಮೆಪಟ್ಟಿದ್ದೆ.

ಸುದ್ದಿ ನನಗಿಂತ ಬೇಗ ಔರಾದ ಮುಟ್ಟಿತ್ತು. ಮಧ್ಯಾಹ್ನ ಸುಶೀಲಕ್ಕನ ಫೋನು. "ತಮ್ಮಾ, ಖರೇನೇನು? ನಮ್ಮ ಡಿಪೋ ಎತ್ತತಾರಂತ?"

"ಹಾಂಗೇನಿಲ್ರಿ ಅಕ್ಕಾ. ನಾ ಇದ್ದೇನಲ್ರಿ."

"ನನಗ ಬಸ್ಸು ಆಗಿ ಬರಂಗಿಲ್ಲ, ನಿನಗ ಗೊತ್ತದ. ನಮ್ಮಣ್ಣನ ಮಗಳ ಮದಿವಿಗಿ ಬೀದರಕ್ಕ ಬರೂತನಕ ಬಾಜೂ ಕೂತವರ ಸೀರಿ ಎಲ್ಲಾ ಹಾಳ ಮಾಡೀನಿ. ದಿನಾ ಭಾಲ್ಕಿಗಿ ಹೋಗು ಅಂದ್ರ ಕೆಲಸಾನೇ ಬಿಡ್ತೇನಿ." ಆಮೇಲೆ ದನಿ ತಗ್ಗಿಸಿ, "ಬಿಟ್ಟರ ಮನ್ಯಾಗ ಕೂತು ಏನ ಮಾಡ್ಲಿ? ಡಿಪೋ ಎದುರಿಗೇ ನಮ್ಮನಿ, ಕುರಿ ಮಂದಿ ಬಂದು ಬೀಗ ನೋಡ್ಕೊಂಡು ಹೋಗೋದು ನನ್ನ ಕಿಟಕಿಯಾಗೇ ಕಾಣ್ತದ. ಅದು ನೋಡೋದು ಆಗೋದಿಲ್ಲೋ ನನಗ" ಎಂದರು.

ಸುಶೀಲಕ್ಕ ಯಾರಿಗೂ ದನಿ ತಗ್ಗಿಸಿ ಮಾತನಾಡಿದ್ದನ್ನು ನಾನು ಕೇಳಿರಲಿಲ್ಲ. ಅಲ್ಲಿಯವರೆಗೆ ಸಭೆಯಲ್ಲಿ ಆಡಿದ ಮಾತು ಬರೀ ನನ್ನ ಜಂಬದ ಮಾತಾಗಿತ್ತು. ಫೋನು ಇಟ್ಟ ಮೇಲೆ ನನಗೆ ನಿಜವಾಗಿ ಭಯವಾಯಿತು.

ದೂರದಿಂದ ಸಾಫ್ಟ್‌ವೇರ್ ಏರಿಸಬೇಕಾದರೆ ಕಂಪ್ಯೂಟರ್ ಚಾಲೂ ಇರಬೇಕು. ಇಷ್ಟು ಸಣ್ಣ ಮಾತು ನಮ್ಮ ಕಡೆ ಎಷ್ಟು ದೊಡ್ಡದೆಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಅಂಗಡಿಯಿರಲಿ, ಆಫೀಸಿರಲಿ, ಮುಚ್ಚುವಾಗ ನಮ್ಮವರು ಬೋರ್ಡಿನ ಗುಂಡಿಗಳನ್ನೆಲ್ಲ ಒಂದೊಂದಾಗಿ ಬಂದ್ ಮಾಡುತ್ತಾರೆ. ಪ್ಲಗ್ಗು ಕಿತ್ತಿಡುತ್ತಾರೆ. ಮೇನ್ ಇಳಿಸುತ್ತಾರೆ. ಬೀಗ ಹಾಕಿ, ಜಗ್ಗಿ ನೋಡಿ, ನಾಲ್ಕು ಹೆಜ್ಜೆ ಹೋದವರು ತಿರುಗಿ ಬಂದು ಮತ್ತೊಮ್ಮೆ ಜಗ್ಗುತ್ತಾರೆ. ಅಂಥವರಿಗೆ ಶನಿವಾರ ಸಂಜೆಯಿಂದ ಭಾನುವಾರದವರೆಗೆ ಕಂಪ್ಯೂಟರನ್ನು ಹಾಗೇ ಬಿಟ್ಟು ಬೀಗ ಹಾಕಿರಿ ಎಂದು ಹೇಳುವುದೆಂದರೆ ತೊಟ್ಟಿಲಲ್ಲಿ ಕೂಸನ್ನು ಬಿಟ್ಟು ಊರಿಗೆ ಹೋಗಿರಿ ಎಂದ ಹಾಗೆ. "ಒಂದೇ ಇರಬೇಕೇನು ಅದು? ಏನರ ಆದ್ರ?" ಎಂದು ಸುಶೀಲಕ್ಕ ಕೇಳಿದರು. ಏನೂ ಆಗುವುದಿಲ್ಲ, ಭಾನುವಾರ ಯಾರೂ ಆಫೀಸಿನ ಬಾಗಿಲು ತೆಗೆಯಬಾರದು, ಅಷ್ಟೇ ಸಾಕು ಎಂದು ಹೇಳಿದೆ.

"ಆಯ್ತು. ನಾ ಮುಂಜಾನಿ ಚರ್ಚಿಗಿ ಹೋಗ್ತೇನಿ. ಅಲ್ಲಿ ಇದರ ಸಲುವಾಗಿ ಪ್ರಾರ್ಥನಾ ಮಾಡ್ಸತೇನಿ" ಎಂದರು.

"ಮಾಡ್ಸ್ರಿ ಅಕ್ಕಾ. ಅದರಿಂದೇನೂ ಕೆಡೋದಿಲ್ಲ" ಎಂದೆ. ತಿಳಿಯದೆ ಆಡಿದ ಮಾತು.

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ಕೈ ಮುಗಿದು, ಮನ್ನಳ್ಳಿ ರಸ್ತೆಯ ನಮ್ಮ ಮನೆಯ ನಡುಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತೆ. ಔರಾದ ಹಸಿರು. ಭಾಲ್ಕಿ ಬೂದು! ಭಾಲ್ಕಿ ಡಿಪೋದ ಮಹಬೂಬ್ ಭಾಯಿಗೆ ಫೋನು ಮಾಡಿದೆ. ಮಹಬೂಬ್ ಭಾಯಿ ಸಂಭಾವಿತ ಮನುಷ್ಯ, ಹೇಳಿದ್ದನ್ನು ಚಾಚೂತಪ್ಪದೆ ಮಾಡುತ್ತಾರೆ, ಹೇಳದಿದ್ದದ್ದನ್ನೂ ಒಂದಿಷ್ಟು ಸೇರಿಸುತ್ತಾರೆ.

"ಕಸಮ್ ಸೇ ಶಿವರಾಜ ಭಾಯ್, ಕಂಪ್ಯೂಟರಿಗಿ ನಾ ಕೈ ಹಚ್ಚಿಲ್ಲ. ಬಾಜೂಕ ಮಿಣಿಮಿಣಿ ಅಂತಿತ್ತಲ್ಲಾ, ಆ ಸಣ್ಣ ಡಬ್ಬಿ ಅಷ್ಟೇ ಬಂದ್ ಮಾಡೀನಿ. ಸುಮ್ನ ಉರೀಲತ್ತಿತ್ತು."

ಆ ಸಣ್ಣ ಡಬ್ಬಿಯೇ ನೆಟ್ಟಿನ ಡಬ್ಬಿ. ಪಾಪ, ಹೋಟೆಲಿನಲ್ಲಿ ಅರ್ಧ ಕುಡಿದ ಚಹಾ ಬಿಟ್ಟು ಓಡಿ ಹೋಗಿ ಹಚ್ಚಿದರು. ಭಾಲ್ಕಿ ಹಸಿರಾಯಿತು. ಹೊಸ ಸಾಫ್ಟ್‌ವೇರ್ ಕಳಿಸಿದೆ. ಅದು ಏರಿತು, ಕಂಪ್ಯೂಟರ್ ತಾನೇ ಬಂದ್ ಆಗಿ ತಾನೇ ಚಾಲೂ ಆಯಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳಬೇಕೆನ್ನಿಸಿತು. ಅದರ ಬದಲು ಹೆಂಡತಿಯನ್ನು ಕರೆದು ತೋರಿಸಿದೆ. ಕಲಾವತಿ ಹಸಿರು ಚುಕ್ಕೆಯನ್ನು ನೋಡಿ, "ಇಷ್ಟೇ ಏನ್ರಿ?" ಎಂದು ಒಳಗೆ ಹೋದಳು.

ಔರಾದಕ್ಕೆ ಕಳಿಸಿದೆ. ಇಲ್ಲಿಂದ ನನ್ನ ಕಷ್ಟ ಶುರು. ಭಾಲ್ಕಿಯದು ನಡೆದು ಹೋದ ದಾರಿಯಲ್ಲಿ ಔರಾದದ್ದು ತೆವಳಿಕೊಂಡು ಹೊರಟಿತು. ಪರದೆಯ ಮೇಲಿನ ಅಂಕಿ ಒಂದು ಹೆಜ್ಜೆ ಮುಂದಿಟ್ಟು ನಿಲ್ಲುತ್ತದೆ. ನಾನು ಉಸಿರು ಹಿಡಿಯುತ್ತೇನೆ. ಅದು ಮತ್ತೊಂದು ಹೆಜ್ಜೆ ಇಡುತ್ತದೆ, ನಾನು ಉಸಿರು ಬಿಡುತ್ತೇನೆ. ಹಳೆಯದನ್ನು ಅಳಿಸಿ ಹೊಸದನ್ನು ಕೂಡಿಸುವ ನಡುವಿನ ಈ ಹೊತ್ತಿನಲ್ಲಿ ಕರೆಂಟೇನಾದರೂ ಹೋದರೆ ಕಂಪ್ಯೂಟರಿನಲ್ಲಿ ಹಳೆಯದೂ ಇರುವುದಿಲ್ಲ, ಹೊಸದೂ ಇರುವುದಿಲ್ಲ. ಅಲ್ಲಿ ಯು.ಪಿ.ಎಸ್. ಎಂಬ ಬ್ಯಾಟರಿ ಡಬ್ಬಿಯೊಂದಿದೆ, ನಿಜ. ಕರೆಂಟ್ ಹೋದಾಗ ಕಂಪ್ಯೂಟರಿನ ಜೀವ ಹಿಡಿಯುವುದು ಅದರ ಕೆಲಸ. ಆದರೆ ಅದೂ ಬೀದರಿನಿಂದ ಭಾಲ್ಕಿಗೆ, ಭಾಲ್ಕಿಯಿಂದ ಔರಾದಕ್ಕೆ ಹೋದ ಡಬ್ಬಿಯೇ.

"ಹಾಲ ಕಾಯ್ಸಕ್ಕಿಟ್ಟಾಗ ಹಿಂಗ ಕಣ್ಣ ಬಿಟ್ಕೊಂಡು ಕೂತಿದ್ರ ನಮ್ಮನ್ಯಾಗ ಒಂದ್ ದಿನಾನೂ ಹಾಲ ಉಕ್ಕತಿದ್ದಿಲ್ಲ" ಎಂದು ಕಲಾವತಿ ಉಪ್ಪಿಟ್ಟಿನ ತಟ್ಟೆ ತಂದಿಟ್ಟಳು. ಉಪ್ಪಿಟ್ಟು ಆರಿತು. ಅಂಕಿ ಮುಕ್ಕಾಲು ದಾರಿ ದಾಟಿತ್ತು. ಆಗ ಮೊಬೈಲು ಬಡಿದುಕೊಂಡಿತು. ಸುಶೀಲಕ್ಕನ ವಿಡಿಯೋ ಕಾಲ್.

ತೆರೆದು ನೋಡಿದರೆ ಔರಾದ ಡಿಪೋದ ಒಳಗಿನ ಗೋಡೆ! ಯಾರೂ ತೆಗೆಯಬಾರದೆಂದು ಹೇಳಿದ್ದ ಬಾಗಿಲು ಹಾರು ಹೊಡೆದಿತ್ತು. ಒಳಗೆ ಬಿಳಿ ಸೀರೆಯವರು, ಇಸ್ತ್ರಿ ಮಾಡಿದ ಅಂಗಿಯವರು, ಕೈಯಲ್ಲಿ ಬೈಬಲ್ ಹಿಡಿದವರು ಒತ್ತೊತ್ತಾಗಿ ನಿಂತಿದ್ದರು.

"ತಮ್ಮಾ, ನಮ್ಮ ಪಾಸ್ಟರ್ ಸಾಹೇಬ್ರು ಬಂದಾರ. ಇಡೀ ಸಭಾನೇ ಬಂದದ. ಚರ್ಚಿನ್ಯಾಗ ಹೇಳ್ದೆ, ಪಾಸ್ಟರು ಅಂದ್ರು, ದಾರಿಯಾಗೇ ಅದಲ್ಲ, ಅದರ ಮುಂದೇ ನಿಂತು ಪ್ರಾರ್ಥನಾ ಮಾಡೋಣು ಅಂತ" ಎಂದು ಸುಶೀಲಕ್ಕ ಸಂಭ್ರಮದಿಂದ ಹೇಳಿದರು.

"ಅಕ್ಕಾ, ಭಾಳ ಛೊಲೋ ಆಯ್ತ್ರಿ. ಏನೂ ಮುಟ್ಟಬ್ಯಾಡ್ರಿ ಅಷ್ಟೇ."

"ನಾ ಯಾಕ ಮುಟ್ಲಿ? ಪಾಸ್ಟರಿಗಿ ಒಂದ್ ಕಪ್ ಚಾ ಇಟ್ಟೀನಿ ಅಷ್ಟೇ."

ನನ್ನ ಕಣ್ಣು ಆಗ ಅವರ ಹೆಗಲ ಹಿಂದೆ ಹೋಯಿತು. ಕಂಪ್ಯೂಟರಿನ ಬೋರ್ಡಿನಲ್ಲೇ ಕರೆಂಟಿನ ಕೆಟಲಿಯ ಪ್ಲಗ್ಗು ಸಿಕ್ಕಿಸಿತ್ತು. ಔರಾದದ ಆ ಬೋರ್ಡಿನ ಗುಣ ನನಗೆ ಚೆನ್ನಾಗಿ ಗೊತ್ತು. ಫ್ಯಾನು, ಕಂಪ್ಯೂಟರು, ಕೆಟಲಿ ಮೂರೂ ಒಟ್ಟಿಗೆ ನಡೆದರೆ ಸ್ವಲ್ಪ ಹೊತ್ತು ಸಹಿಸಿಕೊಂಡು ಆಮೇಲೆ ಟ್ರಿಪ್ ಆಗುತ್ತದೆ. ಆದರೆ ಪಾಸ್ಟರು ಬಾಗಿಲಿಗೆ ಬಂದಾಗ ಚಹಾ ಇಡದೆ ಕಳಿಸುವುದು ಸುಶೀಲಕ್ಕನಿಂದ ಆಗದ ಮಾತು. ಅವರಿಗಷ್ಟೇ ಏಕೆ, ಬೀದರ ಜಿಲ್ಲೆಯಲ್ಲಿ ಯಾರಿಂದಲೂ ಆಗುವುದಿಲ್ಲ. ಮನೆಗೆ ಬೆಂಕಿ ಬಿದ್ದಾಗ ಆರಿಸಲು ಬಂದವರಿಗೂ ನಾವು ಮೊದಲು "ಚಾ ತಗೋರಿ" ಅನ್ನುತ್ತೇವೆ.

"ಅಕ್ಕಾ, ಆ ಕೆಟಲಿ..." ಎಂದೆ. ಸುಶೀಲಕ್ಕ ತುಟಿಯ ಮೇಲೆ ಬೆರಳಿಟ್ಟು, ಫೋನನ್ನು ಮಾನಿಟರಿಗೆ ಒರಗಿಸಿ ನಿಲ್ಲಿಸಿ, ತಲೆಯ ಮೇಲೆ ಸೆರಗೆಳೆದುಕೊಂಡರು. ಪಾಸ್ಟರು ಕಣ್ಣು ಮುಚ್ಚಿದರು. "ಪರಲೋಕದಲ್ಲಿರುವ ತಂದೆಯೇ, ದೂರದ ಬೀದರಿನಲ್ಲಿ ಕುಳಿತು ಪ್ರಯಾಸಪಡುತ್ತಿರುವ ನಿನ್ನ ಮಗನಾದ ಶಿವರಾಜನ ಕೈಗಳನ್ನು ಬಲಪಡಿಸು..."

"ಪಾಸ್ಟರ್ ಸಾಹೇಬ್ರ, ಕೆಟಲಿ!" ಎಂದು ನಾನು ಕೂಗಿದೆ. ಸುಶೀಲಕ್ಕ ಒಂದು ಕಣ್ಣು ತೆರೆದು, ಕೈ ಚಾಚಿ, ಫೋನಿನ ದನಿಯನ್ನು ಪೂರ್ತಿ ಇಳಿಸಿದರು. ಕೈ ಎಲ್ಲೆಲ್ಲಿ ತಾಕಿತೋ, ಆ ಕಡೆಯ ಮಾತು ನನಗೆ ಬರುವುದೂ ನಿಂತಿತು.

ಈಗ ನಾನು ನೋಡಬಹುದಿತ್ತು, ಅಷ್ಟೇ. ನನ್ನ ಹೆಸರು ಹಿಡಿದು ಇಷ್ಟು ಜನ ದೇವರನ್ನು ಬೇಡುವುದು ಜನ್ಮದಲ್ಲಿ ಮೊದಲ ಸಲ, ಅದೇ ಹೊತ್ತಿಗೆ ಅವರ ಬೆನ್ನ ಹಿಂದೆ ಕೆಟಲಿ ಕಾಯುತ್ತಿತ್ತು. ನಾನು ಕೈ ಬೀಸಿದೆ. ಎದ್ದು ನಿಂತು ಎರಡೂ ಕೈ ಬೀಸಿದೆ. ಎಲ್ಲರ ಕಣ್ಣೂ ಮುಚ್ಚಿತ್ತು. ಇಷ್ಟು ಭಕ್ತಿವಂತರನ್ನು ಒಟ್ಟಿಗೆ ಕಂಡು ಇಷ್ಟು ಸಿಟ್ಟು ಬಂದದ್ದು ನನಗೆ ಅದೇ ಮೊದಲು, ದೇವರು ಕ್ಷಮಿಸಲಿ. ಗೋಡೆಯ ಮೇಲಿನ ಕ್ಯಾಲೆಂಡರಿನ ಹಾಳೆ ಫ್ಯಾನಿನ ಗಾಳಿಗೆ ಪಟಪಟ ಹಾರುತ್ತಿತ್ತು. ನೋಡುತ್ತಿದ್ದ ಹಾಗೆ ಅದು ಮೆಲ್ಲಗಾಯಿತು. ಆಮೇಲೆ ಗೋಡೆಗೆ ಅಂಟಿ ನಿಂತಿತು.

ಕರೆಂಟ್ ಹೋಗಿತ್ತು. ಲ್ಯಾಪ್‌ಟಾಪಿನಲ್ಲಿ ಔರಾದದ ಚುಕ್ಕೆ ಬೂದಾಯಿತು. ಸುಶೀಲಕ್ಕನ ಫೋನು ಮೊಬೈಲ್ ನೆಟ್ಟಿನದಾದ್ದರಿಂದ ವಿಡಿಯೋ ಮಾತ್ರ ನಡೆದಿತ್ತು. ನೆಟ್ಟಿನ ಡಬ್ಬಿಯೂ ಅದೇ ಬೋರ್ಡಿನಲ್ಲಿದ್ದದ್ದರಿಂದ ಒಳಗೆ ಕಂಪ್ಯೂಟರ್ ಬದುಕಿದೆಯೋ ಇಲ್ಲವೋ ತಿಳಿಯುವ ದಾರಿಯೇ ಇರಲಿಲ್ಲ. ಆ ಮುದಿ ಯು.ಪಿ.ಎಸ್. ಎಷ್ಟು ಹೊತ್ತು ಹಿಡಿದೀತು? ನನ್ನ ಅನುಭವದಲ್ಲಿ ಅದು ಒಂದು ಸೀನು ಬಂದು ಹೋಗುವಷ್ಟು ಹೊತ್ತು ಹಿಡಿದದ್ದುಂಟು. ಸುಶೀಲಕ್ಕನ ಯಜಮಾನರು, ನಿವೃತ್ತ ಮಾಸ್ತರರಾದ ಸ್ಯಾಮಸನ್ ಅವರು, ಪಾಸ್ಟರರ ಬಲಗಡೆಯೇ ನಿಂತಿದ್ದರು. ಹೆಂಡತಿಯ ಫೋನ್ ಕಸಿದು ಮಾಸ್ತರರಿಗೆ ಹಚ್ಚಿದೆ. ಮಾಸ್ತರರ ಅಂಗಿಯ ಜೇಬಿನಲ್ಲಿ ಬೆಳಕು ಹತ್ತಿದ್ದನ್ನು ನಾನು ವಿಡಿಯೋದಲ್ಲಿ ಕಣ್ಣಾರೆ ಕಂಡೆ. ಮಾಸ್ತರರು ಕಣ್ಣು ತೆರೆಯದೆಯೇ ಜೇಬಿನ ಮೇಲಿಂದ ಅದನ್ನು ಅದುಮಿ ಬಂದ್ ಮಾಡಿದರು.

ಅಷ್ಟರಲ್ಲಿ, ನನ್ನದು ಬಿಜಿ ಬಂತೆಂದು, ಹೆಂಡತಿಯ ಫೋನಿಗೇ ಸಾಹೇಬರ ಕರೆ. "ಶಿವರಾಜ, ಔರಾದ ಬೂದ ಕಾಣ್ಲತ್ತದಲ್ರಿ. ಏನ್ ನಡದದ ಅಲ್ಲಿ?"

"ಪ್ರಾರ್ಥನಾ ನಡದದ್ರಿ ಸರ್."

"ಪರಿಸ್ಥಿತಿ ಅಲ್ಲಿಗಿ ಬಂತೇನ್ರಿ?" ಎಂದರು ಸಾಹೇಬರು. "ಟೆಂಪೋದಾಂವಗ ಲಗೂನೇ ಬಾ ಅಂತೇನಿ ಹಂಗಾರ."

"ಒಂದ್ ಹತ್ತು ಮಿಂಟ್ ತಡೀರಿ ಸರ್" ಎಂದು ಗೋಗರೆದು ಇಟ್ಟೆ. ಆಮೇಲೆ ನೆನಪಾಯಿತು. ಔರಾದ ಡಿಪೋದ ಪಕ್ಕದ ಮಟನ್ ಅಂಗಡಿ ಮಹಬೂಬ್ ಭಾಯಿಯ ಬೀಗರದು. ಭಾನುವಾರ ಮಟನ್ ಅಂಗಡಿ ಮುಚ್ಚಿರುವುದಿಲ್ಲ. ಮಹಬೂಬ್ ಭಾಯಿಗೆ ಹೇಳಿದ್ದೇ ತಡ, ಅವರು ಅಲ್ಲಿಗೆ ಫೋನು ಹಚ್ಚಿದರು. ನಾನು ಪರದೆಯನ್ನೇ ನೋಡುತ್ತಿದ್ದೆ. ಬಾಗಿಲಲ್ಲಿ ಆ ಅಂಗಡಿಯ ಕಲೀಮ್ ಭಾಯ್ ಕಾಣಿಸಿಕೊಂಡ. ಸೊಂಟಕ್ಕೆ ಕೆಂಪು ಕಲೆಯ ಬಟ್ಟೆ, ಕೈಯಲ್ಲಿ ಹಾಗೇ ಹಿಡಿದುಕೊಂಡು ಬಂದ ಸತ್ತೂರ. ಅಷ್ಟು ಚೆಂದದ ಮನುಷ್ಯನನ್ನು ನಾನು ಈವರೆಗೆ ಕಂಡಿಲ್ಲ. "ಹೋಗಪ್ಪಾ, ಎಡಕ್ಕ, ಇನ್ನಾ ಎಡಕ್ಕ, ಆ ಪ್ಲಗ್ಗು ಕೀಳು!" ಎಂದು ನಡುಮನೆಯಲ್ಲಿ ನಿಂತು ಕಿರುಚಿದೆ.

ಕಲೀಮ್ ಭಾಯ್ ಒಳಗೆ ಒಂದು ಹೆಜ್ಜೆ ಇಟ್ಟ. ಎಲ್ಲರೂ ತಲೆ ಬಾಗಿಸಿ ನಿಂತದ್ದನ್ನು ನೋಡಿದ. ಸತ್ತೂರವನ್ನು ಮೆಲ್ಲಗೆ ಹೊಸ್ತಿಲ ಹೊರಗಿಟ್ಟ. ಹೆಗಲ ಮೇಲಿನ ದಸ್ತಿಯನ್ನು ತಲೆಗೆ ಹೊದ್ದುಕೊಂಡ. ಆಮೇಲೆ, ದೇವರ ಮಾತು ನಡೆದಾಗ ನಡುವೆ ಬಾಯಿ ಹಾಕಬಾರದೆಂಬ ಸಂಸ್ಕಾರವಂತನಾದ್ದರಿಂದ, ತಾನೂ ಕಣ್ಣು ಮುಚ್ಚಿ ನಿಂತುಬಿಟ್ಟ.

ನನಗೆ ಬೈಯಲು ಬಾಯಿ ಬರಲಿಲ್ಲ. ತಪ್ಪು ಯಾರದೆಂದು ಹೇಳುವುದು? ಕೇಡು ಬಗೆದವರು ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ. ಎಲ್ಲರೂ ಒಳ್ಳೆಯವರಾಗಿ ಕೂಡಿ ಸುಶೀಲಕ್ಕನನ್ನು ಭಾಲ್ಕಿಯ ಬಸ್ಸು ಹತ್ತಿಸುತ್ತಿದ್ದರು. ಸೋಮವಾರ ಬೆಳಿಗ್ಗೆ ಆ ಕಿಟಕಿಯಿಂದ ಅವರು ಬೀಗ ನೋಡುತ್ತ ನಿಲ್ಲುವುದು ಕಣ್ಣಿಗೆ ಕಟ್ಟಿತು. ನಾನೂ ಕೈ ಜೋಡಿಸಿದೆ. ಯಾರಿಗೆ ಮುಗಿದೆನೋ ಗೊತ್ತಿಲ್ಲ. ಪಾಸ್ಟರಿಗೋ, ಕಲೀಮ್ ಭಾಯಿಗೋ, ಯು.ಪಿ.ಎಸ್ಸಿಗೋ.

ಕಲಾವತಿ ಕೈ ಒರೆಸಿಕೊಳ್ಳುತ್ತ ಬಂದಳು. ಗಂಡ ಮೊಬೈಲಿನ ಮುಂದೆ ಕೈ ಮುಗಿದು ನಿಂತದ್ದನ್ನು ನೋಡಿ, ಯಾವುದಕ್ಕೂ ಇರಲಿ ಎಂದು ತಾನೂ ಮುಗಿದಳು. "ಯಾರ್ರಿ ಇವರೆಲ್ಲಾ?" ಎಂದು ಪಿಸುದನಿಯಲ್ಲಿ ಕೇಳಿದಳು.

"ಔರಾದದವರು."

"ಏನ್ ಮಾಡ್ಲತ್ತಾರ?"

"ಚಾ."

ಕೊನೆಗೂ ತಲೆಗಳು ಎದ್ದವು. ಕಲೀಮ್ ಭಾಯ್ ಕಣ್ಣು ತೆರೆದವನೇ ನುಗ್ಗಿ ಪ್ಲಗ್ಗು ಕಿತ್ತು, ಬೋರ್ಡಿನ ಗುಂಡಿ ಮೇಲೆತ್ತಿದ. ಕ್ಯಾಲೆಂಡರಿನ ಹಾಳೆ ಅಲುಗಿತು. ಸುಶೀಲಕ್ಕನ ಮುಖ ಪರದೆಯ ತುಂಬ ಬಂತು, ಜೊತೆಗೆ ದನಿಯೂ.

"ಅಲ್ಲೋ ತಮ್ಮಾ, ಯಾಕ ಅಷ್ಟು ಕೈ ಬೀಸ್ಲತ್ತಿದ್ದಿ? ಒಂದ್ ಕಣ್ಣಿಲೆ ನೋಡ್ದೆ. ನಿನಗ ಭಕ್ತಿ ಉಕ್ಕಿ ಬಂದದ ಅಂತ ತಿಳ್ಕೊಂಡೆ."

"ಅಕ್ಕಾ, ಕರೆಂಟ್ ಹೋಗಿತ್ತ್ರೀ! ಕಂಪ್ಯೂಟರ್ ನೋಡ್ರಿ, ಜೀವ ಅದನೋ ಇಲ್ಲೋ ಹೇಳ್ರಿ!"

ಅವರ ಮುಖದ ಬಣ್ಣ ಹೋಯಿತು. ಆಗ ಅವರಿಗೆ ತಿಳಿಯಿತು. ಕೆಟಲಿ ನೋಡಿದರು, ಬೋರ್ಡು ನೋಡಿದರು, ಫೋನನ್ನು ಪರದೆಯ ಕಡೆ ತಿರುಗಿಸಿದರು. ಕಪ್ಪು ಪರದೆ. ಅದರ ನಡುವೆ ಚಿಕ್ಕದೊಂದು ಬಿಳಿ ಗುಂಡು ಸುತ್ತು ಹೊಡೆಯುತ್ತಿತ್ತೋ, ನಿಂತಿತ್ತೋ, ನನಗೆ ಕಾಣಲಿಲ್ಲ. "ಸುತ್ತಲತ್ತದ" ಎಂದರು ಮಾಸ್ತರರು. "ಇಲ್ಲ, ನಿಂತದ" ಎಂದ ಕಲೀಮ್ ಭಾಯ್. ಸಭೆ ಎರಡು ಪಂಗಡವಾಯಿತು. ಸುಶೀಲಕ್ಕ ಉಸಿರಾಡುವುದು ನನಗೆ ಇಲ್ಲಿಗೂ ಕೇಳುತ್ತಿತ್ತು. ಪಾಸ್ಟರರ ಚಹಾ ಆರಿ ತಣ್ಣಗಾಗಿರಬೇಕು, ಯಾರೂ ಮುಟ್ಟಿದ ಹಾಗಿರಲಿಲ್ಲ. ನಾನು ಲ್ಯಾಪ್‌ಟಾಪಿನ ಬೂದು ಚುಕ್ಕೆಯನ್ನು ನೋಡುತ್ತ ಕುಳಿತೆ. ಕಣ್ಣು ಮಿಟುಕಿಸಿದರೆ ಏನಾದರೂ ಆದೀತೆಂದು ಹೆದರಿ ಮಿಟುಕಿಸಲೂ ಇಲ್ಲ. ಕಣ್ಣಲ್ಲಿ ನೀರು ಬಂತು. ಆ ನೀರಿನಲ್ಲಿ ಚುಕ್ಕೆ ಒಮ್ಮೆ ಕಲಸಿ ಹೋಯಿತು. ಒರೆಸಿಕೊಂಡು ನೋಡಿದೆ.

ಹಸಿರು!

"ಆಯ್ತ್ರೀ ಅಕ್ಕಾ, ಹೊಸದು ಏರಿತ್ರೀ!" ಎಂದೆ. ಆ ಕಡೆ ಗದ್ದಲವೋ ಗದ್ದಲ. ಚಪ್ಪಾಳೆ, ಸ್ತೋತ್ರ, ಯಾರೋ ಕಲೀಮ್ ಭಾಯಿಯ ಬೆನ್ನು ತಟ್ಟುವ ಸದ್ದು. ಸುಶೀಲಕ್ಕನ ಮುಖ ಕಾಣಿಸಿತು. ಸೆರಗಿನಿಂದ ಮೂಗು ಒರೆಸಿಕೊಂಡು, "ನಾಳಿಗಿ ನಾ ನಡಕೋತೇ ಕೆಲಸಕ್ಕ ಬರ್ತೇನಿ ನೋಡು ತಮ್ಮಾ" ಎಂದರು. ಆ ಮುದಿ ಯು.ಪಿ.ಎಸ್. ಅಷ್ಟು ಹೊತ್ತು ಹೇಗೆ ಹಿಡಿಯಿತೆಂದು ನನಗೆ ಇಂದಿಗೂ ಗೊತ್ತಿಲ್ಲ. ಸಭೆಯವರಿಗೆ ಗೊತ್ತು. ಕಲೀಮ್ ಭಾಯಿಗೂ ಗೊತ್ತು, ಅವನ ಲೆಕ್ಕದಲ್ಲಿ ಗುಂಡಿ ಎತ್ತಿದವನು ಅವನು. ಮಹಬೂಬ್ ಭಾಯಿಯ ಲೆಕ್ಕದಲ್ಲಿ ಫೋನು ಹಚ್ಚಿದವರು ಅವರು. ಇಷ್ಟು ಜನರ ನಡುವೆ ಹೆಸರಿನಲ್ಲಿ ನನಗೆಂದು ಉಳಿದದ್ದು ಆರಿದ ಉಪ್ಪಿಟ್ಟು ಮಾತ್ರ. ಅದನ್ನು ತಿಂದೆ.

ಸಾಹೇಬರಿಗೆ ಮಾತ್ರ ಒಳಗಿನ ಕಥೆ ಗೊತ್ತಿರಲಿಲ್ಲ. ಅವರಿಗೆ ಕಂಡದ್ದು ಬೂದಾದ ಚುಕ್ಕೆ ಹಸಿರಾದದ್ದು. ಸೋಮವಾರ ಬೆಳಿಗ್ಗೆ ನಾನು ಎದೆಯುಬ್ಬಿಸಿಕೊಂಡು ಕೊಳಾರಕ್ಕೆ ಹೋದೆ. ಗೋದಾಮಿನ ಮುಂದೆ ಟೆಂಪೋ ನಿಂತಿತ್ತು. ಅದರ ಮೇಲೆ ನನ್ನ ಮೇಜನ್ನು ಕಾಲು ಮೇಲಾಗಿ ಇಟ್ಟು ಹಗ್ಗ ಬಿಗಿಯುತ್ತಿದ್ದರು. ಹತ್ತಿರ ಹೋಗಿ ನೋಡಿದೆ, ಖುರ್ಚಿಯೂ ಇತ್ತು.

"ಬರ್ರಿ ಶಿವರಾಜ, ಭೇಷ್!" ಎಂದರು ಸಾಹೇಬರು. "ಟೆಂಪೋ ಹೇಳಿ ಆಗಿತ್ತು, ಖಾಲಿ ಯಾಕ ಕಳಸೋದು ಅಂತ ವಿಚಾರ ಮಾಡ್ದೆ. ಹಿಂಡಿ ಚೀಲಕ್ಕ ಇಲ್ಲಿ ಜಾಗಾನೂ ಸಾಲ್ತಾ ಇಲ್ಲ. ಇವತ್ತಿನಿಂದ ನೀವು ಔರಾದದಾಗೇ ಕೂಡ್ರಿ. ಇಲ್ಲಿದೂ ಭಾಲ್ಕಿದೂ ಅಲ್ಲಿಂದೇ ನೋಡ್ಕೋರಿ."

"ಸರ್, ನಾ ಇಲ್ಲೇ ಇದ್ದು..." ಎಂದು ತೊದಲಿದೆ.

ಸಾಹೇಬರು ನನ್ನ ಹೆಗಲ ಮೇಲೆ ಪ್ರೀತಿಯಿಂದ ಕೈ ಇಟ್ಟರು. "ದೂರಿಂದ ನೀವು ಭಾಳ ಛಂದ ಕೆಲಸ ಮಾಡ್ತೀರಿ ಶಿವರಾಜ. ಹತ್ರ ಇದ್ದಾಗ ಇಷ್ಟು ಮಾಡಿದ್ದು ನಾ ಒಂದ್ ದಿನಾನೂ ನೋಡಿಲ್ಲ."

ಇದಕ್ಕೆ ಏನು ಉತ್ತರ ಕೊಡಬೇಕಾಗಿತ್ತೆಂದು ದಿನವೂ ಔರಾದದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಯೋಚಿಸುತ್ತೇನೆ. ದಾರಿ ಉದ್ದವಿದೆ, ಉತ್ತರ ಇನ್ನೂ ಹೊಳೆದಿಲ್ಲ.